ಡ್ಯೂಟಿ ಪಟ್ಟಿ ಎಣಿಸಿದ ಮೇಲೆ: ಒಂದು ವಾರ್ಡಿನ ಬರ್ನ್‌ಔಟ್ ಪ್ರಕರಣ

ಗುರುತು ಸಿಗಬಾರದೆಂದು ವಿಭಾಗ, ವಯಸ್ಸು ಮತ್ತು ಕೆಲವು ಘಟನೆಗಳ ಕ್ರಮವನ್ನು ಬದಲಿಸಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ಪ್ರಕರಣದ ಕೇಂದ್ರದಲ್ಲಿರುವ ನರ್ಸ್ ಬರಹವನ್ನು ಮೊದಲೇ ಓದಿ, ಎರಡು ಕಡೆ ತಾವೇ ತಿದ್ದಿ ಒಪ್ಪಿಗೆ ಕೊಟ್ಟಿದ್ದಾರೆ. ನಾನು ಆ ಆಸ್ಪತ್ರೆಯ ಸಿಬ್ಬಂದಿಗೆ ಆಪ್ತಸಮಾಲೋಚಕಿ.

ಹಿನ್ನೆಲೆ

ದೊಡ್ಡ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡ್. ಹಾಸಿಗೆಗಳು ಸದಾ ಭರ್ತಿ, ಮೂರು ಪಾಳಿ, ಇರಬೇಕಾದ ನರ್ಸ್‌ಗಳಲ್ಲಿ ಯಾವಾಗಲೂ ಒಬ್ಬಿಬ್ಬರು ಕಡಿಮೆ. ಇನ್‌ಚಾರ್ಜ್ ಸಿಸ್ಟರ್ ಮಧ್ಯವಯಸ್ಸಿನವರು, ಕೆಲಸದಲ್ಲಿ ಪಳಗಿದವರು. ರಕ್ತನಾಳ ಸಿಗದೆ ಒದ್ದಾಡುವ ರೋಗಿ ಇದ್ದರೆ ಡಾಕ್ಟರುಗಳೇ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರಾದರೂ ಡ್ಯೂಟಿಗೆ ಬರಲಿಲ್ಲವೆಂದರೆ ಮೊದಲು ಯಾವತ್ತೂ ಇಲ್ಲವೆನ್ನದ ಎರಡು ಮೂರು ಜನಕ್ಕೆ ಫೋನ್, ಅವರಿಗೂ ಆಗದಿದ್ದರೆ ತಾವೇ ಮುಂದಿನ ಪಾಳಿಗೂ ನಿಲ್ಲುವುದು. ವಾರ್ಡ್ ನಡೆಯುತ್ತಿದ್ದದ್ದೇ ಹಾಗೆ.

ಅವರು ತಾವಾಗಿ ನನ್ನ ಹತ್ತಿರ ಬಂದವರಲ್ಲ. "ಸಿಡುಕುತ್ತಾರೆ, ಹೊಸ ಹುಡುಗಿಯರು ಅಳುತ್ತಾ ಬರುತ್ತಾರೆ, ಸ್ವಲ್ಪ ಮಾತಾಡಿ ನೋಡಿ" ಎಂದು ಮೇಲಿನವರು ಕಳಿಸಿದ್ದರು. ಹಾಗೆ ಕಳಿಸಲ್ಪಟ್ಟವರು ಮೊದಲ ಭೇಟಿಯಲ್ಲಿ ಏನು ಹೇಳುತ್ತಾರೋ ಅವರೂ ಅದನ್ನೇ ಹೇಳಿದರು: "ನನಗೇನೂ ಆಗಿಲ್ಲ ಮೇಡಂ. ಈಗಿನವರಿಗೆ ಕೆಲಸ ಬೇಡ, ಅಷ್ಟೇ. ನಾನು ಜ್ವರದಲ್ಲೂ ಬಂದಿದ್ದೇನೆ."

ಆದರೆ ಅವರ ಬಾಯಲ್ಲಿ ರೋಗಿಗಳ ಹೆಸರು ಹೋಗಿ ಬರೀ ನಂಬರು ಉಳಿದಿತ್ತು. "ಹನ್ನೆರಡನೇ ಬೆಡ್ಡು ಮತ್ತೆ ಕರೀತಿದೆ." ರಜೆಯ ದಿನ ಮಧ್ಯಾಹ್ನದವರೆಗೆ ಮಲಗಿ ಎದ್ದರೂ ಆಯಾಸ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಮಾಡಿದ್ದರಲ್ಲಿ ಏನು ಸಾರ್ಥಕ ಎಂಬ ಮಾತು ಎರಡನೇ ಭೇಟಿಯಲ್ಲೇ ಬಂತು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಬರ್ನ್‌ಔಟ್ ಅಳೆಯಲು ರೂಪಿಸಿದ ಪ್ರಶ್ನಾವಳಿ ನೋಡುವುದೂ ಈ ಮೂರನ್ನೇ: ಭಾವನೆಗಳು ಬತ್ತಿಹೋಗುವುದು, ಮನುಷ್ಯರನ್ನು ವಸ್ತುಗಳಂತೆ ಕಾಣತೊಡಗುವುದು, ತನ್ನ ಕೆಲಸಕ್ಕೆ ಬೆಲೆಯಿಲ್ಲ ಎನ್ನಿಸುವುದು. ಮೂರೂ ಒಟ್ಟಿಗೆ ಇದ್ದವು.

ಮೊದಲು ಅವರನ್ನು ವೈದ್ಯರ ಬಳಿಗೆ ಕಳಿಸಿದೆ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಇವುಗಳೂ ಇದೇ ವೇಷದಲ್ಲಿ ಬರುತ್ತವೆ. ಅವನ್ನು ತಳ್ಳಿಹಾಕದೆ ಬರ್ನ್‌ಔಟ್ ಎನ್ನುವ ಹಣೆಪಟ್ಟಿ ಅಂಟಿಸಬಾರದು. ರಕ್ತದ ಕೊರತೆ ಸ್ವಲ್ಪ ಇತ್ತು, ಮಾತ್ರೆ ಶುರುವಾಯಿತು. ಉಳಿದದ್ದು ಕೆಲಸದ ಜಾಗದ್ದೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲೂ ಬರ್ನ್‌ಔಟ್ ಕಾಯಿಲೆಗಳ ಸಾಲಿನಲ್ಲಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಅದು ಗುರುತಿಸಿದೆ. ಹಾಗಾಗಿ ಇವರೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರೆ ಮುಗಿಯುವ ಪ್ರಕರಣ ಇದಲ್ಲ ಎಂದು ಆಗಲೇ ಅನ್ನಿಸಿತ್ತು. ಎಲ್ಲಿಂದ ಹಿಡಿಯಬೇಕೆಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಆಗಲೇ ನಡೆದಿದ್ದ ಪ್ರಯತ್ನಗಳು

ನಾನು ಬರುವ ಮೊದಲೇ ಆಡಳಿತದವರು ಎರಡು ಕ್ರಮ ಕೈಗೊಂಡಿದ್ದರು. ಒಂದು, ವಾರಕ್ಕೊಮ್ಮೆ ಆಟದ ಗಂಟೆ. ಬಲೂನು, ಕುರ್ಚಿ ಆಟ, ಕೊನೆಗೆ ಗುಂಪು ಫೋಟೋ. ಹಾಜರಾತಿ ಕಡ್ಡಾಯ. ನೈಟ್ ಮುಗಿಸಿದವರು ಮನೆಗೆ ಹೋಗದೆ ಕುರ್ಚಿ ಸುತ್ತ ಓಡಬೇಕು. ಇನ್ನೊಂದು, ಎಲ್ಲರ ಫೋನಿಗೂ ಒಂದು ಆ್ಯಪ್. ಕಣ್ಣು ಮುಚ್ಚಿ, ಉಸಿರು ಗಮನಿಸಿ, ನಿಮ್ಮ ಮೇಲೆ ನಿಮಗೆ ಕರುಣೆ ಇರಲಿ ಎಂದು ಹೇಳುವ ಧ್ವನಿಮುದ್ರಿಕೆಗಳು.

ಆ ಆ್ಯಪ್ ಬಗ್ಗೆ ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದನ್ನು ಇದ್ದ ಹಾಗೇ ಕೊಡುತ್ತೇನೆ: "ನಿನ್ನನ್ನು ನೀನು ಪ್ರೀತಿಸು ಅಂತ ಫೋನು ಹೇಳ್ತದೆ. ಅದು ಮುಗಿಯೋದರೊಳಗೆ ಅದೇ ಫೋನಿಗೆ ಡಬಲ್ ಡ್ಯೂಟಿಗೆ ಬಾ ಅಂತ ಕರೆ ಬರ್ತದೆ."

ಎರಡರಲ್ಲೂ ತಿರುಳಿಲ್ಲ ಎಂದಲ್ಲ. ಸ್ವ-ಕರುಣೆಯ ಬಗ್ಗೆ ಗಟ್ಟಿಯಾದ ಸಂಶೋಧನೆ ಇದೆ, ದೊಡ್ಡವರ ಆಟದ ಮನಸ್ಸಿನ ಬಗ್ಗೆಯೂ ಇದೆ. ಆದರೆ ಇಲ್ಲಿ ಅವು ಬಂದ ದಾರಿ ಬೇರೆ. ತೊಂದರೆ ನಿಮ್ಮ ಮನಸ್ಸಿನಲ್ಲಿದೆ, ಅದನ್ನು ನೀವೇ ಸರಿಮಾಡಿಕೊಳ್ಳಿ, ನಾವು ಏನನ್ನೂ ಬದಲಿಸುವುದಿಲ್ಲ ಎಂದೇ ನರ್ಸ್‌ಗಳಿಗೆ ಕೇಳಿಸಿತು. ಆಟದ ಗಂಟೆ ಶುರುವಾದ ಮೇಲೆ ಆ ದಿನ ಸಿಕ್ ಲೀವ್ ಹಾಕುವವರು ಹೆಚ್ಚಾದರು ಎಂದು ಕಚೇರಿಯವರೇ ಹೇಳಿದರು, ಅದೂ ನಗುತ್ತಾ.

ಎರಡು ವರದಿಗಳು

ಒಂದು ದಿನ ಬೆಳಗಿನ ಪಾಳಿ ಮುಗಿಸಿ ಇನ್‌ಚಾರ್ಜ್ ಸಿಸ್ಟರ್ ಸಂಜೆಯ ಪಾಳಿಗೂ ನಿಂತಿದ್ದರು. ಆರು ಗಂಟೆಯ ಆ್ಯಂಟಿಬಯೋಟಿಕ್ ಕೊಟ್ಟು ಚಾರ್ಟಿಗೆ ಸಹಿ ಹಾಕುವಷ್ಟರಲ್ಲಿ ಪಕ್ಕದ ರೋಗಿಗೆ ಉಸಿರಾಟದ ತೊಂದರೆಯಾಗಿ ಓಡಿದರು. ಎರಡು ಗಂಟೆ ಕಳೆದು ಚಾರ್ಟ್ ನೋಡಿದಾಗ ಖಾಲಿ ಚೌಕ ಕಂಡಿತು. ಅದೇ ಡೋಸ್ ಮತ್ತೆ ಕೊಟ್ಟರು. ತಕ್ಷಣ ಗೊತ್ತಾಗಿ ತಾವೇ ಡಾಕ್ಟರಿಗೆ ತಿಳಿಸಿದರು, ಮನೆಯವರಿಗೂ ಹೇಳಿದರು. ರೋಗಿಯನ್ನು ನಿಗಾದಲ್ಲಿಟ್ಟರು, ಏನೂ ಆಗಲಿಲ್ಲ.

ಮರುದಿನ ಅವರು ಬರೆದ ಘಟನಾ ವರದಿ ಒಂದೂವರೆ ಸಾಲು: "ನನ್ನ ನಿರ್ಲಕ್ಷ್ಯದಿಂದ ಹೀಗಾಗಿದೆ. ಕ್ಷಮೆ ಇರಲಿ." ಅದರ ಜೊತೆ ಇನ್‌ಚಾರ್ಜ್ ಹುದ್ದೆ ಬಿಡುವ ಪತ್ರ. ಮೇಲಿನವರು ಎರಡನ್ನೂ ನನ್ನ ಕೈಗೆ ಕೊಟ್ಟರು.

ಹಳೆಯ ಕಡತದಲ್ಲಿ ಇವರದೇ ಕೈಬರಹದ ಇನ್ನೊಂದು ವರದಿ ಇತ್ತು. ಹಿಂದಿನ ವರ್ಷ ಹೊಸ ನರ್ಸ್ ಒಬ್ಬಳು ಡ್ರಿಪ್ಪನ್ನು ಬೇಕಾದ್ದಕ್ಕಿಂತ ವೇಗವಾಗಿ ಬಿಟ್ಟಿದ್ದಳು. ಆ ಬಗ್ಗೆ ಇನ್‌ಚಾರ್ಜ್ ಒಂದು ಪುಟ ತುಂಬ ಬರೆದಿದ್ದರು. ಅವಳು ನೈಟ್ ಮುಗಿಸಿ ಮಧ್ಯಾಹ್ನವೇ ಮತ್ತೆ ಬಂದಿದ್ದಳು. ಪಂಪ್ ಕೆಟ್ಟಿತ್ತು, ಹನಿಗಳನ್ನು ಕಣ್ಣಲ್ಲೇ ಎಣಿಸಬೇಕಿತ್ತು. ಅದೇ ಹೊತ್ತಿಗೆ ಎರಡು ಹೊಸ ಅಡ್ಮಿಷನ್. ಕೊನೆಯಲ್ಲಿ: "ಹುಡುಗಿ ಜವಾಬ್ದಾರಿಯವಳು. ಇಂಥ ಸ್ಥಿತಿಯಲ್ಲಿ ಯಾರಿಗೂ ಆಗಬಹುದಾಗಿತ್ತು."

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವರು ಓದಿದರು. "ಅದು ಬೇರೆ ಮೇಡಂ, ಅವಳು ಹೊಸಬಳು" ಎಂದರು. ಒಪ್ಪಿದೆ. ಆಮೇಲೆ ಒಂದೇ ಒಂದು ಕೋರಿಕೆ ಇಟ್ಟೆ: ಇದೇ ತಪ್ಪನ್ನು ನಿಮ್ಮಷ್ಟೇ ಅನುಭವ ಇರುವ ಬೇರೊಬ್ಬ ಸಿಸ್ಟರ್ ಮಾಡಿದ್ದರೆ ನೀವು ಹೇಗೆ ವರದಿ ಬರೆಯುತ್ತಿದ್ದಿರಿ, ಹಾಗೆ ಬರೆಯಿರಿ.

ಸರಾಗವಾಗಿ ಬರೆಯತೊಡಗಿದರು, ಅಭ್ಯಾಸದ ಕೈ. ಖಾಲಿ ಚೌಕ, ಉಸಿರಾಟದ ತೊಂದರೆಯ ರೋಗಿ, ಆ ಪಾಳಿಯಲ್ಲಿ ಇದ್ದದ್ದು ಇಬ್ಬರೇ. "ಸದರಿ ಸಿಸ್ಟರ್ ಬೆಳಗಿನ ಪಾಳಿ ಮುಗಿಸಿ ಸಂಜೆಯ ಪಾಳಿಯಲ್ಲೂ" ಎನ್ನುವಲ್ಲಿಗೆ ಪೆನ್ನು ನಿಂತಿತು.

"ಇದನ್ನ ಬರೆದರೆ ಡಬಲ್ ಡ್ಯೂಟಿ ಹಾಕಿದ್ದು ಯಾರು ಅಂತ ಕೇಳ್ತಾರೆ. ಹಾಕಿದ್ದು ನಾನೇ."

ಈ ಪ್ರಕರಣ ತಿರುಗಿದ್ದು ಅಲ್ಲಿ. ತಪ್ಪನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುವುದು ಅವರಿಗೆ ಪ್ರಾಮಾಣಿಕತೆಯಂತೆ ಕಾಣುತ್ತಿತ್ತು, ನೋಡಿದವರಿಗೂ ಹಾಗೇ ಕಾಣುತ್ತಿತ್ತು. ಆದರೆ ಆ ಒಂದೂವರೆ ಸಾಲಿನ ಅಡಿಯಲ್ಲಿ ಇಡೀ ಡ್ಯೂಟಿ ಪಟ್ಟಿ ಮುಚ್ಚಿಹೋಗಿತ್ತು. ತಮಗೆ ತಾವು ಹಾಕಿಕೊಂಡ ಅಳತೆಯನ್ನೇ ಅವರು ಉಳಿದವರಿಗೂ ಹಾಕಿದ್ದರು. ನಾನು ತಡೆದುಕೊಳ್ಳುತ್ತೇನೆ, ಆದ್ದರಿಂದ ಬಾಯಿ ಬಿಡದವರೆಲ್ಲ ತಡೆದುಕೊಳ್ಳುತ್ತಾರೆ. ಬಾಯಿ ಬಿಡುವವರನ್ನು ಕೈಬಿಟ್ಟು, ಬಿಡದವರ ಮೇಲೆ ಭಾರ ಹಾಕಿಕೊಂಡು ಬಂದಿದ್ದರು. ಅವರ ಕಣ್ಣಿಗೆ ಅದು ಅನ್ಯಾಯವಾಗಿ ಕಂಡೇ ಇರಲಿಲ್ಲ, ಏಕೆಂದರೆ ಆ ಸಾಲಿನಲ್ಲಿ ಮೊದಲು ನಿಂತವರು ಅವರೇ.

ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವ-ಕರುಣೆಯನ್ನು ಮೂರು ಅಂಶಗಳಾಗಿ ವಿವರಿಸಿದರು: ತನ್ನೊಡನೆ ಮೆದುವಾಗಿ ನಡೆದುಕೊಳ್ಳುವುದು, ತಪ್ಪು ಮತ್ತು ನೋವು ಎಲ್ಲ ಮನುಷ್ಯರಿಗೂ ಇದ್ದದ್ದೇ ಎಂದು ಅರಿಯುವುದು, ಆಗುತ್ತಿರುವುದನ್ನು ಹಿಗ್ಗಿಸದೆ ಮುಚ್ಚಿಡದೆ ನೋಡುವುದು. ಅದೇ ತಪ್ಪಿನ ಬಗ್ಗೆ ಅವರು ನನ್ನೆದುರು ಬರೆದ ಎರಡನೇ ವರದಿಯಲ್ಲಿ ಮೂರೂ ಇದ್ದವು, ಧ್ಯಾನದ ಗಂಧಗಾಳಿಯೂ ಇಲ್ಲದೆ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನನ್ನ ಮಟ್ಟಿಗೆ ಅದೇ ಮುಖ್ಯ.

ಅವರ ಭಯ ಸಹಜವಾದದ್ದೇ: "ನನ್ನನ್ನ ನಾನೇ ಕ್ಷಮಿಸಿಬಿಟ್ಟರೆ ನಾಳೆ ಸಡಿಲ ಆಗ್ತೀನಿ." ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದನ್ನು ಅವರಿಗೆ ವಿವರಿಸಿದೆ. ಕಷ್ಟದ ಪರೀಕ್ಷೆಯಲ್ಲಿ ಸೋತವರಲ್ಲಿ, ತಮ್ಮ ಬಗ್ಗೆ ಕರುಣೆಯಿಂದ ಯೋಚಿಸುವಂತೆ ಪ್ರೇರೇಪಿಸಲಾದವರು ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಅವರು ಪೂರ್ತಿ ನಂಬಲಿಲ್ಲ. ಪತ್ರವನ್ನು ಮಾತ್ರ ಸದ್ಯಕ್ಕೆ ವಾಪಸ್ ತೆಗೆದುಕೊಂಡರು.

ಪಟ್ಟಿ ಬಿಚ್ಚಿದ್ದು

ಮುಂದಿನ ಹೆಜ್ಜೆ ಅವರೇ ಸೂಚಿಸಿದ್ದು. ಹಿಂದಿನ ತಿಂಗಳುಗಳ ಡ್ಯೂಟಿ ಪಟ್ಟಿ ತೆಗೆದು ಎಣಿಸುವುದು. ವಾರಾಂತ್ಯದ ನೈಟ್‌ಗಳು, ಡಬಲ್ ಡ್ಯೂಟಿಗಳು, ಕೊನೆಯ ಗಳಿಗೆಯಲ್ಲಿ ರದ್ದಾದ ಆಫ್‌ಗಳು. ಎಣಿಸಿದ್ದು ವಾರ್ಡಿನ ಇಬ್ಬರು ನರ್ಸ್‌ಗಳು. ನಾನೂ ಎಣಿಸಲಿಲ್ಲ, ಇನ್‌ಚಾರ್ಜ್ ಅವರೂ ಎಣಿಸಲಿಲ್ಲ. ಲೆಕ್ಕ ಯಾರ ಕೈಯಿಂದ ಬರುತ್ತದೆ ಎಂಬುದರ ಮೇಲೆ ಜನ ಅದನ್ನು ನಂಬುತ್ತಾರೋ ಇಲ್ಲವೋ ತೀರ್ಮಾನವಾಗುತ್ತದೆ.

ಎಣಿಸುವ ಮೊದಲು ಎಲ್ಲರನ್ನೂ ಕೇಳಿದ್ದೆವು. ಹೆಚ್ಚುಕಡಿಮೆ ಪ್ರತಿಯೊಬ್ಬರೂ ಅತಿ ಹೆಚ್ಚು ನೈಟ್ ನನ್ನದೇ ಎಂದಿದ್ದರು. ಲೆಕ್ಕ ಬಂದಾಗ ವಾರಾಂತ್ಯದ ನೈಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂರೇ ಜನರ ಹೆಸರಿನಲ್ಲಿದ್ದವು. ಮೂವರಿಗೂ ಚಿಕ್ಕ ಮಕ್ಕಳಿರಲಿಲ್ಲ, ಮೂವರೂ ಯಾವತ್ತೂ ಇಲ್ಲ ಎಂದವರಲ್ಲ. ಅವರಲ್ಲಿ ಒಬ್ಬಳು, ಅತಿ ಮೆದು ಮಾತಿನವಳು, ಹೇಳಿದಳು: "ನಂಗೆ ಗೊತ್ತಿತ್ತು ಸಿಸ್ಟರ್. ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಇನ್‌ಚಾರ್ಜ್ ಅವರು ಅಲ್ಲಿ ಎರಡು ರೀತಿ ನಡೆದುಕೊಳ್ಳಬಹುದಿತ್ತು. ನಾನೂ ಮಾಡಲಿಲ್ಲವಾ ಎಂದು ಹಳೆಯ ಜಾಡಿಗೆ ಬೀಳುವುದು, ಅಥವಾ ನಾನು ಕೆಟ್ಟವಳು ಎಂದು ಅಲ್ಲೇ ಕುಸಿಯುವುದು. ಕುಸಿದಿದ್ದರೆ ಸಭೆಯೆಲ್ಲ ಅವರನ್ನು ಸಮಾಧಾನ ಮಾಡುವುದರಲ್ಲೇ ಮುಗಿದು, ಆ ಹುಡುಗಿಯ ಮಾತು ಗಾಳಿಗೆ ಹೋಗುತ್ತಿತ್ತು. ಅವರು ಮಾಡಿದ್ದು ಮೂರನೆಯದು. "ನೋಡಿರಲಿಲ್ಲಮ್ಮ. ನೋಡಬೇಕಿತ್ತು. ಈಗ ಹೇಗೆ ಹಂಚೋಣ ಹೇಳಿ." ಇಷ್ಟನ್ನು ಸ್ಥಿರವಾಗಿ ನಿಂತು ಹೇಳಲು ತನ್ನ ಮೇಲೆ ತನಗೆ ಸ್ವಲ್ಪವಾದರೂ ಕರುಣೆ ಬೇಕು. ಸ್ವ-ಕರುಣೆಗೂ ನ್ಯಾಯಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಈ ಗಳಿಗೆಯನ್ನೇ ತೋರಿಸುತ್ತೇನೆ.

ಹಂಚಿಕೆಯ ಚರ್ಚೆ ಸುಲಭವಿರಲಿಲ್ಲ. ಎಲ್ಲರಿಗೂ ಸಮ ಎಂದ ಕೂಡಲೇ ಎಳೆಮಗುವಿನ ತಾಯಿಯೊಬ್ಬಳು ಸಿಟ್ಟಾದಳು: "ನನ್ನ ರಾತ್ರಿಯೂ ಅವಳ ರಾತ್ರಿಯೂ ಒಂದೇನಾ?" ಮದುವೆಯಾಗದವಳು ತಿರುಗಿ ಕೇಳಿದಳು: "ನನಗೆ ಮಗು ಇಲ್ಲ ಅಂತ ನನ್ನ ರಾತ್ರಿಗೆ ಬೆಲೆ ಇಲ್ವಾ?" ಇಬ್ಬರ ಮಾತೂ ಸರಿಯೇ. ಸಂಖ್ಯೆ ಸಮ ಮಾಡಿಬಿಟ್ಟರೆ ನ್ಯಾಯ ಬಂತು ಎಂದುಕೊಳ್ಳುವವರು ಇಂಥ ಸಭೆಯಲ್ಲಿ ಒಮ್ಮೆ ಕೂರಬೇಕು.

ಜೆರಾಲ್ಡ್ ಲೆವೆಂಥಾಲ್ 1980ರಲ್ಲಿ ನ್ಯಾಯಯುತ ಪ್ರಕ್ರಿಯೆಗೆ ಆರು ನಿಯಮ ಹೇಳಿದ್ದರು: ಎಲ್ಲರಿಗೂ ಒಂದೇ ರೀತಿ, ಪಕ್ಷಪಾತವಿಲ್ಲದೆ, ಸರಿಯಾದ ಮಾಹಿತಿಯ ಮೇಲೆ, ತಪ್ಪಾದರೆ ತಿದ್ದಲು ಅವಕಾಶವಿಟ್ಟು, ಸಂಬಂಧಪಟ್ಟವರ ದನಿ ಕೇಳಿ, ನೀತಿಗೆ ಒಪ್ಪುವಂತೆ. ಅದನ್ನು ನಾನು ಪಾಠದಂತೆ ಒಪ್ಪಿಸಲಿಲ್ಲ, ಸಭೆಯಲ್ಲಿ ಕೇಳುವ ಪ್ರಶ್ನೆಗಳಾಗಿ ಬಳಸಿದೆ. ಕೊನೆಗೆ ಅವರೇ ಕಟ್ಟಿಕೊಂಡ ವ್ಯವಸ್ಥೆ ಹೀಗಿತ್ತು. ನೈಟ್‌ಗಳ ಲೆಕ್ಕ ವಾರಕ್ಕಲ್ಲ, ಮೂರು ತಿಂಗಳಿಗೆ ಸರಿಹೋಗಬೇಕು. ತೊಂದರೆ ಇರುವವರಿಗೆ ಯಾವ ರಾತ್ರಿ ಎಂದು ಮೊದಲು ಆರಿಸಿಕೊಳ್ಳುವ ಹಕ್ಕು, ಎಷ್ಟು ರಾತ್ರಿ ಎಂಬುದರಲ್ಲಿ ರಿಯಾಯಿತಿ ಇಲ್ಲ. ಗರ್ಭಿಣಿಯರಿಗೆ ಪೂರ್ತಿ ವಿನಾಯಿತಿ. ಕೋರಿಕೆಗಳೆಲ್ಲ ಒಂದೇ ಪುಸ್ತಕದಲ್ಲಿ, ಎಲ್ಲರ ಕಣ್ಣೆದುರು. ಇನ್‌ಚಾರ್ಜ್ ಅವರಿಗೆ ರಾತ್ರಿ ಫೋನ್ ಮಾಡಿ ಕೇಳುವಂತಿಲ್ಲ. ಇನ್‌ಚಾರ್ಜ್ ನಿಂತ ಡಬಲ್ ಡ್ಯೂಟಿಯೂ ಲೆಕ್ಕಕ್ಕೆ ಸೇರಬೇಕು. ಈ ಕೊನೆಯದಕ್ಕೆ ಅವರು ತಕರಾರು ತೆಗೆದರು. ಹುಡುಗಿಯರು ಬಿಡಲಿಲ್ಲ.

ಇದೆಲ್ಲ ವಾರ್ಡಿನ ಒಳಗಿನ ಹಂಚಿಕೆ. ಜನರೇ ಕಡಿಮೆ ಇದ್ದರೆ ಕೊರತೆಯನ್ನೇ ಸಮನಾಗಿ ಹಂಚಿಕೊಂಡಂತಾಗುತ್ತದೆ. ಹಾಗಾಗಿ ಅದೇ ಲೆಕ್ಕದ ಹಾಳೆಯನ್ನು ಆಡಳಿತದ ಮುಂದೆ ಇಟ್ಟೆವು. ಕೇಳಿದ ಹೆಚ್ಚುವರಿ ನರ್ಸ್‌ಗಳಲ್ಲಿ ಅರ್ಧದಷ್ಟು ಸಿಕ್ಕರು. ಡಬಲ್ ಡ್ಯೂಟಿ ನಿಲ್ಲಿಸಲು ಒಪ್ಪಲಿಲ್ಲ. ಆದರೆ ಅದನ್ನು ದಾಖಲಿಸಿ, ಹದಿನೈದು ದಿನದೊಳಗೆ ಬದಲಿ ಆಫ್ ಕೊಡಲು ಒಪ್ಪಿದರು. ಆಗದ್ದಕ್ಕೆ ಕಾರಣವನ್ನು ವಾರ್ಡಿಗೇ ಬಂದು ಹೇಳಬೇಕೆಂದು ಕೇಳಿಕೊಂಡೆ, ಬಂದರು. ಜೆರಾಲ್ಡ್ ಗ್ರೀನ್‌ಬರ್ಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮನಸ್ಸಿನಲ್ಲಿತ್ತು. ನಾಲ್ಕು ಆಸ್ಪತ್ರೆಗಳ 467 ನರ್ಸ್‌ಗಳಲ್ಲಿ, ಸಂಬಳದ ನೀತಿ ಬದಲಾಗಿ ಕೈಗೆ ಬರುವುದು ಕಡಿಮೆಯಾದವರಿಗೆ ನಿದ್ದೆಗೇಡು ಹೆಚ್ಚಿತ್ತು. ಆದರೆ ಸಿಬ್ಬಂದಿಯನ್ನು ಗೌರವದಿಂದ, ವಿವರಣೆ ಕೊಟ್ಟು ನಡೆಸಿಕೊಳ್ಳುವ ತರಬೇತಿ ಮೇಲ್ವಿಚಾರಕರಿಗೆ ಸಿಕ್ಕಿದ್ದ ಕಡೆ ಅದು ಗಮನಾರ್ಹವಾಗಿ ಕಡಿಮೆ. ಹೋದ ಹಣ ಎರಡೂ ಕಡೆ ಹೋಗಿಯೇ ಇತ್ತು.

ನಗು ಬಂದ ದಾರಿ

ಹೊಸ ಪಟ್ಟಿ ಒಂದು ಸುತ್ತು ಮುಗಿಯುವ ಹೊತ್ತಿಗೆ ಯಾರೂ ಯೋಜಿಸದ ಒಂದು ಸಂಗತಿ ಶುರುವಾಯಿತು. ವಾರ್ಡಿನಲ್ಲಿ ಹಳೆಯ ಇನ್‌ಫ್ಯೂಷನ್ ಪಂಪ್ ಒಂದಿತ್ತು, ಕಾರಣವಿಲ್ಲದೆ ಕೂಗುತ್ತಿತ್ತು. ನೈಟ್‌ನಲ್ಲಿ ಯಾರೋ ಅದಕ್ಕೆ "ಮೇಷ್ಟ್ರು" ಎಂದು ಹೆಸರಿಟ್ಟರು. ಹ್ಯಾಂಡೋವರ್‌ನಲ್ಲಿ "ಮೇಷ್ಟ್ರು ರಾತ್ರಿ ಎರಡು ಸಲ ಗದರಿದರು, ಮನೆಪಾಠ ಮಾಡಿದ್ದೇವೆ" ಎಂದು ವರದಿ. ಪಾಳಿಯಿಂದ ಪಾಳಿಗೆ ಬೋರ್ಡಿನ ಮೂಲೆಯಲ್ಲಿ ಒಂದು ಒಗಟು ಬರೆಯುವ ರೂಢಿ ಬಂತು. ಉತ್ತರ ಮುಂದಿನ ಪಾಳಿಯವರದು. ಮೊದಮೊದಲು ಇನ್‌ಚಾರ್ಜ್ ಅದನ್ನು ಒರೆಸುತ್ತಿದ್ದರು. ಒಂದು ಬೆಳಿಗ್ಗೆ ಒರೆಸುವ ಬದಲು ಉತ್ತರ ಬರೆದಿದ್ದರಂತೆ, ಅದೂ ತಪ್ಪು ಉತ್ತರ. ಆ ಸುದ್ದಿ ನನ್ನ ಕೋಣೆಯವರೆಗೂ ಬಂತು.

ವಯಸ್ಕರ ಆಟದ ಮನಸ್ಸನ್ನು ಅಧ್ಯಯನ ಮಾಡಿರುವ ರೆನೆ ಪ್ರೋಯರ್ ಅದನ್ನು ಎದುರಿಗಿರುವ ಸನ್ನಿವೇಶವನ್ನೇ ತನಗೆ ಸ್ವಾರಸ್ಯಕರವಾಗುವಂತೆ, ನಗು ಅಥವಾ ಕುತೂಹಲ ಹುಟ್ಟುವಂತೆ ತಿರುಗಿಸಿಕೊಳ್ಳುವ ಗುಣ ಎಂದು ನೋಡುತ್ತಾರೆ. ಹಾಗೆ ನೋಡಿದರೆ ಆಟಕ್ಕೆ ಬೇರೆ ಗಂಟೆ ಬೇಕಿಲ್ಲ, ಬಲೂನೂ ಬೇಕಿಲ್ಲ. ಆಗಲೇ ಕೂಗುತ್ತಿರುವ ಪಂಪ್ ಸಾಕು. ಕಡ್ಡಾಯದ ಆಟದ ಗಂಟೆಯನ್ನು ಆಡಳಿತ ಸದ್ದಿಲ್ಲದೆ ಕೈಬಿಟ್ಟಿತು.

ತಮಾಷೆ ಒಂದು ಸಲ ಮುಳ್ಳೂ ಆಯಿತು. ಭಾಷೆ ಇನ್ನೂ ಸರಾಗವಾಗದ ಹೊಸ ನರ್ಸ್ ಒಬ್ಬಳ ಉಚ್ಚಾರವನ್ನು ಬೋರ್ಡಿನಲ್ಲಿ ಅಣಕಿಸಿದ್ದರು. ಅವಳು ಎಲ್ಲರ ಜೊತೆ ನಕ್ಕಳು, ಆಮೇಲೆ ಎರಡು ದಿನ ಊಟಕ್ಕೆ ಒಬ್ಬಳೇ ಕೂತಳು. ಗಮನಿಸಿದವರು ಇನ್‌ಚಾರ್ಜ್. ಯಂತ್ರದ ಮೇಲೆ, ಪರಿಸ್ಥಿತಿಯ ಮೇಲೆ, ಬೇಕಾದರೆ ತನ್ನ ಮೇಲೆ ತಮಾಷೆ ಮಾಡಬಹುದು. ರೋಗಿಗಳ ಮೇಲೆ, ಅವರ ಮನೆಯವರ ಮೇಲೆ, ಕಿರಿಯರ ಮೇಲೆ ಇಲ್ಲ ಎಂದು ಹೇಳಿದರು. ತಮಾಷೆಯ ಹಂಚಿಕೆಯಲ್ಲೂ ಭಾರ ಯಾರ ಮೇಲೆ ಬೀಳುತ್ತಿದೆ ಎಂದು ನೋಡುವ ಕಣ್ಣು ಅವರಿಗೆ ಬಂದಿತ್ತು.

ಇನ್‌ಚಾರ್ಜ್ ಅವರ ಸ್ವಂತ ಅಭ್ಯಾಸಕ್ಕೆ ನಾವು ಆರಿಸಿಕೊಂಡದ್ದು ಕೈತೊಳೆಯುವ ಹೊತ್ತನ್ನು. ನರ್ಸ್ ದಿನಕ್ಕೆ ಎಷ್ಟು ಸಲ ಕೈತೊಳೆಯುತ್ತಾಳೆಂಬುದಕ್ಕೆ ಲೆಕ್ಕವಿಲ್ಲ. ಬೇರೆ ಸಮಯ ಹುಡುಕಬೇಕಾಗಿಲ್ಲ. ಸೋಪು ಉಜ್ಜುವಾಗ ಮನಸ್ಸಿನಲ್ಲಿ: ಈಗ ಕಷ್ಟವಾಗುತ್ತಿದೆ, ಈ ಕೆಲಸದಲ್ಲಿ ಎಲ್ಲರಿಗೂ ಆಗುತ್ತದೆ, ಈ ಗಳಿಗೆಗೆ ನನಗೇನು ಬೇಕು? ಕೊನೆಯ ಪ್ರಶ್ನೆಗೆ ಹೆಚ್ಚಿನ ಸಲ ಸಿಗುತ್ತಿದ್ದ ಉತ್ತರ ಒಂದು ಲೋಟ ನೀರು, ಇಲ್ಲವೇ ಟಾಯ್ಲೆಟ್. ಬೆಳಗಿನಿಂದ ಎರಡನ್ನೂ ಮುಂದೂಡಿಕೊಂಡು ಬಂದಿರುತ್ತಿದ್ದರು.

ಆಮೇಲೆ ಆದದ್ದು

ಎಲ್ಲವೂ ಸುಖಾಂತವಲ್ಲ. ಹಳೆಯ ಪದ್ಧತಿಯಲ್ಲಿ ಅನುಕೂಲ ಪಡೆದಿದ್ದ ಒಬ್ಬರು ಮುನಿಸಿಕೊಂಡು ಬೇರೆ ವಾರ್ಡಿಗೆ ವರ್ಗ ಕೇಳಿ ಹೋದರು. ಹೊರೆ ಇಳಿದದ್ದು ಸ್ವಲ್ಪವೇ. ಇನ್‌ಚಾರ್ಜ್ ಅವರ ನಿದ್ದೆ ಸರಿಹೋಗಲು ಬಹಳ ಕಾಲ ಹಿಡಿಯಿತು. ಕೊನೆಗೆ ಅವರು ಇನ್‌ಚಾರ್ಜ್ ಹುದ್ದೆಯನ್ನು ಬಿಟ್ಟೇ ಬಿಟ್ಟರು. ಆದರೆ ಶಿಕ್ಷೆಯಾಗಿ ಅಲ್ಲ. ಮೂವರು ಹಿರಿಯರು ಸರದಿಯಂತೆ ಆ ಹೊಣೆ ಹೊರಬೇಕೆಂದು ತಾವೇ ಪ್ರಸ್ತಾಪಿಸಿ, ಒಪ್ಪಿಸಿ, ಮೊದಲ ಸರದಿಯನ್ನು ಬೇರೆಯವರಿಗೆ ಕೊಟ್ಟರು. ಕೊನೆಯ ಗಳಿಗೆಯ ಸಿಕ್ ಲೀವ್ ಫೋನ್‌ಗಳು ಕಡಿಮೆಯಾದವು. ತಪ್ಪುಗಳ ವರದಿ ಮಾತ್ರ ಹೆಚ್ಚಾಯಿತು. ಆಡಳಿತ ಇದರಿಂದ ಗಾಬರಿಗೊಂಡಿತು. ನನಗೆ ಅದು ಒಳ್ಳೆಯ ಲಕ್ಷಣವೆನಿಸಿತು. ಮೊದಲು ಮುಚ್ಚಿಹೋಗುತ್ತಿದ್ದ ಸಣ್ಣಪುಟ್ಟವು ಈಗ ಕಾರಣ ಸಮೇತ ಕಾಗದಕ್ಕೆ ಬರುತ್ತಿದ್ದವು. ಚಾರ್ಟಿನ ಖಾಲಿ ಚೌಕದ ಸಮಸ್ಯೆಯನ್ನು ಎತ್ತಿದ್ದೂ ಅಂಥದೇ ಒಂದು ವರದಿ.

ಸ್ವ-ಕರುಣೆ, ನ್ಯಾಯದ ಹಂಚಿಕೆ, ಆಟದ ಮನಸ್ಸು, ಈ ಮೂರರಲ್ಲಿ ಯಾವುದು ಕೆಲಸ ಮಾಡಿತು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಬಿಡಿಸಿ ಹೇಳುವುದು ಕಷ್ಟ. ಕ್ರಮದ ಬಗ್ಗೆ ಮಾತ್ರ ನನಗೆ ಗಟ್ಟಿ ಅಭಿಪ್ರಾಯವಿದೆ. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಕೆಲಸದ ಬದುಕಿನ ಆರು ಕ್ಷೇತ್ರಗಳನ್ನು ಗುರುತಿಸುತ್ತಾರೆ: ಹೊರೆ, ಹಿಡಿತ, ಪ್ರತಿಫಲ, ಸಮುದಾಯ, ನ್ಯಾಯ, ಮೌಲ್ಯ. 2008ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ದಣಿವು ಮತ್ತು ಸಿನಿಕತನ ಇವೆರಡರಲ್ಲಿ ಒಂದರ ಮುನ್ಸೂಚನೆ ಮಾತ್ರ ತೋರಿದವರಲ್ಲಿ, ಕೆಲಸದ ಜಾಗ ನ್ಯಾಯವಾಗಿಲ್ಲ ಎನ್ನಿಸಿದವರು ಒಂದು ವರ್ಷದ ನಂತರ ಬರ್ನ್‌ಔಟ್ ಕಡೆಗೆ ಜಾರಿದ್ದರು. ಇಲ್ಲೂ ಪಟ್ಟಿ ಬಿಚ್ಚುವ ಮೊದಲು ಕೊಟ್ಟ ಕರುಣೆಯ ಪಾಠ ಉಪದೇಶವಾಯಿತು, ಆಟ ಶಿಕ್ಷೆಯಾಯಿತು. ಬಿಚ್ಚಿದ ಮೇಲೆ ಎರಡನ್ನೂ ಯಾರೂ ಕಲಿಸಬೇಕಾಗಲಿಲ್ಲ. ಆದರೆ ಪಟ್ಟಿ ಬಿಚ್ಚುವ ಧೈರ್ಯ ಬಂದದ್ದು ಆ ಎರಡನೇ ವರದಿ ಬರೆದ ಮೇಲೆ ಎಂಬುದನ್ನೂ ಮರೆಯುವಂತಿಲ್ಲ.

ಇದೇ ಆಸ್ಪತ್ರೆಯ ಇನ್ನೊಂದು ವಾರ್ಡಿನವರು ಇಲ್ಲಿಯ ಉತ್ಸಾಹ ಕಂಡು ತಾವೂ ಒಗಟಿನ ಬೋರ್ಡ್ ತೂಗುಹಾಕಿದರು, ಯಂತ್ರಗಳಿಗೆ ಹೆಸರಿನ ಚೀಟಿ ಅಂಟಿಸಿದರು. ಒಗಟುಗಳನ್ನು ಬರೆಯುತ್ತಿದ್ದದ್ದು ಅಲ್ಲಿಯ ಇನ್‌ಚಾರ್ಜ್ ಒಬ್ಬರೇ, ಉತ್ತರದ ಜಾಗ ಖಾಲಿ. ಏನು ಮಾಡೋಣ ಎಂದು ಅವರು ನನ್ನನ್ನು ಕೇಳಿದರು. ಹಿಂದಿನ ಮೂರು ತಿಂಗಳ ಡ್ಯೂಟಿ ಪಟ್ಟಿ ತರಿಸಿ, ಎಣಿಸಲು ಇಬ್ಬರನ್ನು ವಾರ್ಡಿನವರೇ ಆರಿಸಲಿ ಎಂದಿದ್ದೇನೆ. ಪಟ್ಟಿ ಇನ್ನೂ ಬಂದಿಲ್ಲ.